ಸಾಲ್ಮನ್ ಟ್ರೋಲಿಂಗ್‌ಗೆ ಬಾಳಿಕೆ ಬರುವ ರಾಡ್: ರಿಪೇರಿ ಮೇಜು ಹೇಳಿಕೊಟ್ಟದ್ದು

ಬೇಸಿಗೆಯಲ್ಲಿ ಅಮೆರಿಕದ ಮಿಷಿಗನ್ ಸರೋವರದ ಬಾಡಿಗೆ ಮೀನುಗಾರಿಕೆ ಬೋಟಿನಲ್ಲಿ ಕೆಲಸ. ಚಳಿಗಾಲದಲ್ಲಿ ಅದೇ ಬೋಟಿನ ರಾಡು, ರೀಲುಗಳ ರಿಪೇರಿ. ದಡಕ್ಕೆ ಇಳಿಯುವಾಗ ಗಿರಾಕಿಗಳು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಮುರಿಯದೇ ಇರೋ ರಾಡ್ ಯಾವುದು?" ಅವರ ಮನಸ್ಸಿನಲ್ಲಿ ದೊಡ್ಡ ಚಿನೂಕ್ ಸಾಲ್ಮನ್ ಒಂದು ರಾಡನ್ನು ಎರಡು ತುಂಡು ಮಾಡುವ ಚಿತ್ರ ಇರುತ್ತದೆ. ನನ್ನ ಮೇಜಿಗೆ ಬರುವ ರಾಡುಗಳು ಬೇರೆಯದೇ ಕಥೆ ಹೇಳುತ್ತವೆ. ಅವುಗಳಲ್ಲಿ ಹಾಳಾಗಿರುವುದು ಜಾಸ್ತಿ ದಾರ ಹಾಯುವ ಉಂಗುರ ಅಂದರೆ ಗೈಡ್, ತುದಿಯ ಗೈಡ್, ರೀಲ್ ಕೂರಿಸುವ ರೀಲ್ ಸೀಟ್, ಹಿಡಿ. ಕೋಲೇ ಮುರಿದಿದ್ದರೆ ಹೆಚ್ಚಾಗಿ ಕಾರಿನ ಬಾಗಿಲೋ, ಬೋಟಿನ ಮುಚ್ಚಳವೋ, ಬಲೆ ಹಾಕುವ ಹೊತ್ತಿನ ಆತುರವೋ ಕಾರಣ. ಮೀನು ಪಾಪ, ಅದರ ಪಾಲು ಬಹಳ ಕಡಿಮೆ.

ಹಾಗಾಗಿ ಬಾಳಿಕೆ ಅಂದರೆ ದಪ್ಪ ಅಥವಾ ಬಿಗಿ ಅಂದುಕೊಂಡು ಅಂಗಡಿಗೆ ಹೋಗಬೇಡಿ. ರಾಡ್ ದಿನವಿಡೀ ಏನು ಮಾಡುತ್ತದೆ ಅನ್ನುವುದನ್ನು ಮೊದಲು ನೋಡಿ.

ಟ್ರೋಲಿಂಗ್‌ನಲ್ಲಿ ಬೋಟ್ ಗಂಟೆಗೆ 2ರಿಂದ 3 ಮೈಲಿ ವೇಗದಲ್ಲಿ ನಿಧಾನವಾಗಿ ಹೋಗುತ್ತಿರುತ್ತದೆ, ಹಿಂದೆ ಹುಸಿ ಮೀನುಗಳು ಎಳೆದುಕೊಂಡು ಬರುತ್ತಿರುತ್ತವೆ. ರಾಡ್ ಕೈಯಲ್ಲಿ ಇರುವುದಿಲ್ಲ. ಬೋಟಿನ ಅಂಚಿನ ಹೋಲ್ಡರ್‌ನಲ್ಲಿ ಬಗ್ಗಿಕೊಂಡು ಗಂಟೆಗಟ್ಟಲೆ ನಿಂತಿರುತ್ತದೆ. ಮಿಷಿಗನ್ ರಾಜ್ಯದ ನಿಯಮದಂತೆ ಒಬ್ಬರು 3 ದಾರ ಬಿಡಬಹುದು. ನಾಲ್ಕು ಜನ ಗಿರಾಕಿಗಳಿದ್ದರೆ ಬೋಟಿನ ಹಿಂದೆ ಒಂದು ಕಾಡೇ ಇರುತ್ತದೆ. ಅಲೆ ಬಡಿದಾಗ ಎಲ್ಲ ರಾಡುಗಳೂ ಒಟ್ಟಿಗೆ ತಲೆ ಆಡಿಸುತ್ತವೆ. ಈ ಎಳೆತ ಮತ್ತು ಅದುರುವಿಕೆಯೇ ಅದರ ನಿಜವಾದ ದುಡಿಮೆ. ಮೀನು ಹಿಡಿದಿರುವ ಹೊತ್ತು ಇದರ ಮುಂದೆ ಏನೂ ಅಲ್ಲ.

ಅಂದ ಹಾಗೆ, ಈ ಸರೋವರದಲ್ಲಿ ಸಾಲ್ಮನ್ ಮೊದಲಿನಿಂದ ಇದ್ದದ್ದಲ್ಲ. ಅಟ್ಲಾಂಟಿಕ್‌ನಿಂದ ಬಂದು ಸೇರಿಕೊಂಡ ಏಲ್‌ವೈಫ್ ಎಂಬ ಸಣ್ಣ ಮೀನು ವಿಪರೀತ ಹೆಚ್ಚಿ, ಸತ್ತು ರಾಶಿ ರಾಶಿ ದಡಕ್ಕೆ ಬೀಳುತ್ತಿತ್ತು. ಅದನ್ನು ತಿನ್ನಲಿ ಅಂತ ಮಿಷಿಗನ್ ರಾಜ್ಯದವರು ಪೆಸಿಫಿಕ್ ಕಡೆಯ ಕೋಹೋ ಸಾಲ್ಮನ್ ಮರಿಗಳನ್ನು 1966ರಲ್ಲಿ, ಚಿನೂಕ್ ಮರಿಗಳನ್ನು 1967ರಲ್ಲಿ ಬಿಟ್ಟರು. ಇಲ್ಲಿನ ಟ್ರೋಲಿಂಗ್ ದಂಧೆ ಹುಟ್ಟಿದ್ದು ಅದರಿಂದ. ಬೇಸಿಗೆಯ ನಡುವೆ ಈ ಮೀನುಗಳು ತಣ್ಣನೆಯ ನೀರು ಹುಡುಕಿಕೊಂಡು ಆಳಕ್ಕೆ ಇಳಿಯುತ್ತವೆ. ಅಷ್ಟು ಕೆಳಗೆ ಹುಸಿ ಮೀನನ್ನು ಇಳಿಸುವುದು ಹೇಗೆ ಅನ್ನುವುದರ ಮೇಲೆ ರಾಡಿನ ಆಯ್ಕೆ ನಿಂತಿದೆ.

ಒಂದು ದಾರಿ ಡೌನ್‌ರಿಗ್ಗರ್. ಬೋಟಿನ ಅಂಚಿಗೆ ಕೂರಿಸಿದ ರಾಟೆ, ಅದರ ಹಗ್ಗದ ತುದಿಯಲ್ಲಿ 10-12 ಪೌಂಡಿನ ಗುಂಡು. ನಮ್ಮ ದಾರವನ್ನು ಒಂದು ಕ್ಲಿಪ್ಪಿನಿಂದ ಗುಂಡಿನ ಹತ್ತಿರ ಸಿಕ್ಕಿಸಿ ಕೆಳಗೆ ಬಿಡುತ್ತೇವೆ. ಆಮೇಲೆ ದಾರ ಸುತ್ತಿ ಸುತ್ತಿ ರಾಡನ್ನು ಬಿಲ್ಲಿನ ಹಾಗೆ ಬಗ್ಗಿಸಿ ನಿಲ್ಲಿಸುತ್ತೇವೆ. ಮೀನು ಕಚ್ಚಿದರೆ ಕ್ಲಿಪ್ ಬಿಡುತ್ತದೆ, ರಾಡ್ ಚಿಮ್ಮಿ ಮೇಲೇಳುತ್ತದೆ, ಸಡಿಲಾದ ದಾರವನ್ನು ಅದೇ ಎಳೆದುಕೊಳ್ಳುತ್ತದೆ. ಈ ಚಿಮ್ಮುವಿಕೆ ಸಿಗಬೇಕಾದರೆ ರಾಡ್ ಮೆತ್ತಗಿರಬೇಕು, ತುದಿಯಿಂದ ನಡುವಿನ ತನಕ ಬಗ್ಗಬೇಕು. ಎಂಟೂವರೆ ಅಡಿ ಉದ್ದದ, ಬಿಗಿಯಲ್ಲಿ ಮೀಡಿಯಂ ಅಥವಾ ಅದಕ್ಕಿಂತ ಕೊಂಚ ಹಗುರಾದ ರಾಡ್ ಸಾಕು. ಬಿಗಿಯಾದ ರಾಡ್ ಹಾಕಿದರೆ ಅಲೆಯ ಒಂದೊಂದು ಕುಲುಕಾಟಕ್ಕೂ ಕ್ಲಿಪ್ ಬಿಚ್ಚಿಕೊಳ್ಳುತ್ತದೆ. ಮೀನು ಸಿಕ್ಕಿದರೂ ಕೊಕ್ಕೆ ಬಾಯಿ ಹರಿದುಕೊಂಡು ಬರುವ ಸಾಧ್ಯತೆ ಜಾಸ್ತಿ.

ಎರಡನೆಯದು ಡೈವರ್. ಅಂಗೈ ಅಗಲದ ಪ್ಲಾಸ್ಟಿಕ್ ಬಿಲ್ಲೆ, ನೀರಿನ ಎಳೆತಕ್ಕೆ ಕೆಳಕ್ಕೂ ಪಕ್ಕಕ್ಕೂ ಓಡುತ್ತದೆ. ಇದರ ಎಳೆತ ಭಯಂಕರ. ಜೊತೆಗೆ ಇಲ್ಲಿ ಬಳಸುವುದು ಹಿಗ್ಗದ ಹೆಣೆದ ದಾರ, ಇಲ್ಲವೇ ತಂತಿ. ದಾರ ಹಿಗ್ಗದಿದ್ದರೆ ಏಟನ್ನೆಲ್ಲ ರಾಡೇ ತಿನ್ನಬೇಕು, ಅಲ್ವಾ? ಆದ್ದರಿಂದ 9ರಿಂದ 10 ಅಡಿಯ ಮೀಡಿಯಂ-ಹೆವಿ ಬೇಕು. ಬುಡ ಗಟ್ಟಿ ಇರಲಿ, ತುದಿ ಮಾತ್ರ ಬಳುಕಲಿ. ಮೂರನೆಯದು ಸೀಸದ ತಿರುಳಿನ ದಾರ ಅಥವಾ ತಾಮ್ರದ ತಂತಿ. ತೂಕದಿಂದಲೇ ಮುಳುಗುವ ದಾರಗಳಿವು. ಇದಕ್ಕೂ ಮೀಡಿಯಂ-ಹೆವಿಯೇ, ಆದರೆ ದೊಡ್ಡ ರೀಲ್ ಹೊರುವ ಸೀಟ್ ಇರಬೇಕು. ನೂರು ಗಜ ಸೀಸದ ದಾರ ಸುತ್ತಿದ ರೀಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

"ಮೂರಕ್ಕೂ ಒಂದೇ ರಾಡ್ ಆಗಲ್ವಾ?" ಆಗುತ್ತದೆ. ಅಷ್ಟು ದಿನ ಬಾಳುವುದಿಲ್ಲ. ಡೌನ್‌ರಿಗ್ಗರ್ ರಾಡಿಗೆ ಡೈವರ್ ಕಟ್ಟಿದರೆ ಅದು ಬುಡದ ತನಕ ಬಗ್ಗಿ ನಿಂತು, ಕಚ್ಚಿದ ಮೀನಿಗೆ ಕೊಡಲು ಏನೂ ಉಳಿದಿರುವುದಿಲ್ಲ.

ಇನ್ನು ಕೋಲಿನ ವಸ್ತು. ಗ್ರಾಫೈಟ್ ಹಗುರ, ಸೂಕ್ಷ್ಮ, ಸಣ್ಣ ತಟ್ಟನ್ನೂ ಕೈಗೆ ಮುಟ್ಟಿಸುತ್ತದೆ. ಆದರೆ ರಾಡ್ ಹೋಲ್ಡರ್‌ನಲ್ಲಿ ನಿಂತಿರುವಾಗ ಆ ಸೂಕ್ಷ್ಮ ಯಾರಿಗೆ ಬೇಕು? ಗ್ರಾಫೈಟ್‌ನ ಕಷ್ಟ ಏನೆಂದರೆ ಅದು ಗೀರನ್ನು ತಾಳುವುದಿಲ್ಲ. ಸೀಸದ ಗುಂಡು ಒಮ್ಮೆ ತಗುಲಿ ಮೇಲಿನ ಎಳೆಗಳು ಕತ್ತರಿಸಿದರೆ ಆವತ್ತು ಏನೂ ಕಾಣುವುದಿಲ್ಲ. ವಾರಗಳ ನಂತರ, ಚೆನ್ನಾಗಿ ಬಗ್ಗಿದ ಒಂದು ಗಳಿಗೆಯಲ್ಲಿ ಅಲ್ಲೇ ಟಪ್ಪೆನ್ನುತ್ತದೆ. ಗಿರಾಕಿ ರಾಡ್ ಕಳಪೆ ಅನ್ನುತ್ತಾನೆ. ಫೈಬರ್‌ಗ್ಲಾಸ್ ಭಾರ, ನಿಧಾನ. ಆದರೆ ಇಂಥ ಒರಟು ಬಾಳನ್ನು ಸಹಿಸುತ್ತದೆ, ಆಳವಾಗಿ ಬಗ್ಗುತ್ತದೆ, ಬೋಟಿನ ಅಂಚಿಗೆ ಬಡಿದರೂ ಬೇಗ ಮುನಿಸಿಕೊಳ್ಳುವುದಿಲ್ಲ. ಎರಡನ್ನೂ ಬೆರೆಸಿದ ಕೋಲುಗಳೂ ಇವೆ. 1976ರಲ್ಲಿ ಬಂದ ಅಗ್ಲಿ ಸ್ಟಿಕ್ ಹೆಸರು ಮಾಡಿದ್ದು ಈ ಬೆರಕೆಯಿಂದಲೇ. ನನ್ನನ್ನು ಕೇಳಿದರೆ ಡೌನ್‌ರಿಗ್ಗರ್‌ಗೆ ಪೂರ್ತಿ ಗ್ಲಾಸ್ ಅಥವಾ ಬೆರಕೆ, ಡೈವರ್‌ಗೆ ಬೆರಕೆ. ಟ್ರೋಲಿಂಗ್‌ಗೆ ಅಂತ ದುಬಾರಿ ಗ್ರಾಫೈಟ್ ಕೊಳ್ಳುವುದು ಸುಮ್ನೆ ದುಡ್ಡು ಸುರಿದ ಹಾಗೆ. ಆ ದುಡ್ಡನ್ನು ರೀಲಿಗೆ ಹಾಕಿ.

ಕೋಲಿಗಿಂತ ಹೆಚ್ಚು ಹೊತ್ತು ನೋಡಬೇಕಾದದ್ದು ಅದರ ಮೇಲಿನ ಉಂಗುರಗಳನ್ನು. ಚೌಕಟ್ಟು ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಒಳಗಿನ ಬಳೆ ಅಲ್ಯೂಮಿನಿಯಂ ಆಕ್ಸೈಡ್ ಆಗಿದ್ದರೆ ನೈಲಾನ್ ದಾರಕ್ಕೂ ಹೆಣೆದ ದಾರಕ್ಕೂ ಸರಿಹೋಗುತ್ತದೆ. ಬಲಕ್ಕೆ ಎರಡು ಕಾಲಿನ ಗೈಡ್‌ಗಳೇ ಮೇಲು. ಒಂದು ಕಾಲಿನವು ಹಗುರ, ಆದರೆ ರಾಡುಗಳನ್ನು ಕಟ್ಟಿ ಗಾಡಿಯಲ್ಲಿ ತುಂಬುವಾಗ ಮೊದಲು ಸೊಟ್ಟಗಾಗುವುದು ಅವೇ. ಬಳೆಗೆ ಕೂದಲಿನಷ್ಟು ಬಿರುಕು ಬಿದ್ದರೂ ದಾರವನ್ನು ಅದು ಸದ್ದಿಲ್ಲದೆ ಕೆರೆಯುತ್ತಿರುತ್ತದೆ. ದೊಡ್ಡ ಮೀನು ಓಡಿದಾಗ ದಾರ ತುಂಡಾಗುತ್ತದೆ, ಬೈಗುಳ ಮಾತ್ರ ದಾರದ ಕಂಪನಿಗೆ. ಕಣ್ಣಿಗೆ ಕಾಣದ ಆ ಬಿರುಕು ಹುಡುಕುವುದು ಸುಲಭ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಬಳೆಯೊಳಗೆ ಸುತ್ತ ಆಡಿಸಿ. ಹತ್ತಿ ಎಲ್ಲಾದರೂ ಎಳೆ ಬಿಟ್ಟರೆ ಅಲ್ಲಿ ಬಿರುಕಿದೆ. ಹೊಸ ರಾಡಿನಲ್ಲೂ ಮಾಡಿ ನೋಡಿ, ನಾಚಿಕೆ ಬೇಡ.

ತಂತಿ ದಾರ ಬಳಸುವವರಿಗೆ ಒಂದು ಮಾತು. ತಂತಿ ಮಾಮೂಲಿ ತುದಿ ಗೈಡಿನಲ್ಲಿ ಗಾಡಿ ಜಾಡಿನಂಥ ಗೆರೆ ಕೊರೆಯುತ್ತದೆ, ಆಮೇಲೆ ಆ ಗೆರೆಯೇ ತಂತಿಯನ್ನು ಕೆಡಿಸುತ್ತದೆ. ಅದಕ್ಕೆ ಉರುಳೆ ಇರುವ ತುದಿ ಅಥವಾ ಸ್ಪ್ರಿಂಗಿನಂತೆ ಬಳುಕುವ ತುದಿ ಸಿಗುತ್ತದೆ. ಉರುಳೆಯದಾದರೆ ತಿರುಗುತ್ತಿದೆಯೇ ಅಂತ ಆಗಾಗ ನೋಡಿ ಎಣ್ಣೆ ಬಿಡಬೇಕು. ನಿಂತುಹೋದ ಉರುಳೆ ಮಾಮೂಲಿ ಗೈಡಿಗಿಂತ ಕೆಟ್ಟದ್ದು.

ಹಿಡಿ ವಿಷಯದಲ್ಲಿ ನನಗೆ ಕಾರ್ಕ್ ಇಷ್ಟ. ಆದರೂ ಬೋಟಿಗೆ ಕೊಳ್ಳುವುದಿಲ್ಲ. ಹೋಲ್ಡರ್‌ನ ಅಂಚಿಗೆ ಉಜ್ಜಿ ಉಜ್ಜಿ ಚೂರು ಚೂರಾಗಿ ಉದುರುತ್ತದೆ. ಗಟ್ಟಿಯಾದ ಇವಿಎ ಫೋಮ್ ಅಥವಾ ರಬ್ಬರ್ ಹೊದಿಕೆ ಇರುವುದೇ ಲೇಸು. ರೀಲ್ ಸೀಟಿನಿಂದ ಬುಡದ ತನಕ ಇರುವ ಉದ್ದ ಗಮನಿಸಿ. ಗಿಡ್ಡ ಹಿಡಿ ಹೋಲ್ಡರ್‌ನೊಳಗೆ ಪೂರ್ತಿ ಕೂರುವುದಿಲ್ಲ, ಡೈವರ್‌ನ ಎಳೆತಕ್ಕೆ ತಿರುಚಿಕೊಳ್ಳುತ್ತದೆ. ರೀಲ್ ಕೂರಿಸಿ, ತಿರುಪು ಬಿಗಿಮಾಡಿ, ಎರಡೂ ಕೈಯಿಂದ ರೀಲನ್ನು ತಿರುಚಿ ನೋಡಿ. ಸೀಟ್ ಕೋಲಿನ ಮೇಲೆ ಕೂದಲಷ್ಟು ಜರುಗಿದರೂ ಬೇಡ. ಅಂಟು ಸರಿಯಾಗಿ ತುಂಬಿಲ್ಲ ಅಂತ ಅರ್ಥ, ಅದು ದಿನೇ ದಿನೇ ಜಾಸ್ತಿಯೇ ಆಗುತ್ತದೆ.

ಅಂಗಡಿಯಲ್ಲಿ ರಾಡನ್ನು ಗಾಳಿಯಲ್ಲಿ ಬೀಸಿ ನೋಡುವವರೇ ಎಲ್ಲ. ಟ್ರೋಲಿಂಗ್ ರಾಡಿಗೆ ಅದರಿಂದ ಏನೂ ತಿಳಿಯುವುದಿಲ್ಲ. ರೀಲ್ ಹಾಕಿ, ದಾರವನ್ನು ಎಲ್ಲ ಗೈಡ್‌ಗಳೊಳಗೆ ಪೋಣಿಸಿ, ತುದಿಯನ್ನು ಇನ್ನೊಬ್ಬರಿಗೆ ಹಿಡಿಯಲು ಕೊಟ್ಟು ನಿಧಾನವಾಗಿ ಬಗ್ಗಿಸಿ. ಬಾಗು ತುದಿಯಿಂದ ಕೆಳಗೆ ಒಂದೇ ಸಮನೆ ಇಳಿಯಬೇಕು. ಎಲ್ಲೋ ಒಂದು ಕಡೆ ಮೊಣಕೈ ಮಡಚಿದ ಹಾಗೆ ಕಂಡರೆ ಆ ಜಾಗವೇ ಮುಂದೆ ಮುರಿಯುವ ಜಾಗ. ಬಗ್ಗಿದಾಗ ದಾರ ಕೋಲಿಗೆ ತಾಗುತ್ತಿದ್ದರೆ ಗೈಡ್‌ಗಳ ಸಂಖ್ಯೆ ಕಡಿಮೆಯಾಯಿತು. ಅಗ್ಗದ ರಾಡುಗಳಲ್ಲಿ ಉಳಿತಾಯ ಮಾಡುವುದು ಇಲ್ಲೇ.

ಒಂದೇ ತುಂಡಿನ ರಾಡ್ ಬಾಳಿಕೆಗೆ ಒಳ್ಳೆಯದು, ಒಯ್ಯಲು ಕಷ್ಟ. ಎರಡು ತುಂಡಿನದಾದರೆ ಅದುರಿ ಅದುರಿ ಜೋಡಣೆ ಸಡಿಲವಾಗುತ್ತದೆ. ಪ್ರತಿ ಬಾರಿ ದಾರ ಬಿಡುವ ಮುಂಚೆ ತಿರುಚಿ ಬಿಗಿ ನೋಡಿ, ಜೋಡಣೆಗೆ ಒಂದಿಷ್ಟು ಮೇಣ ಉಜ್ಜಿ. ಅರ್ಧ ಸಡಿಲವಾದ ಜೋಡಣೆಯ ಮೇಲೆ ಎಳೆತ ಬಿದ್ದರೆ ಹೆಣ್ಣು ತುಂಡಿನ ಬಾಯಿ ಸೀಳುತ್ತದೆ, ಅದಕ್ಕೆ ರಿಪೇರಿ ಇಲ್ಲ.

ಇಷ್ಟೆಲ್ಲ ನೋಡಿ ತಂದ ರಾಡನ್ನು ಮುರಿಯಲು ಒಂದು ಗಳಿಗೆ ಸಾಕು. ಮೀನು ಬೋಟಿನ ಪಕ್ಕಕ್ಕೆ ಬಂದಿರುತ್ತದೆ, ಎಲ್ಲರೂ ಕೂಗುತ್ತಿರುತ್ತಾರೆ, ಹಿಡಿದವರು ಉತ್ಸಾಹದಲ್ಲಿ ರಾಡನ್ನು ನೆಟ್ಟಗೆ ತಲೆಯ ಮೇಲೆ ಎತ್ತುತ್ತಾರೆ. ಆಗ ಬುಡ ಮತ್ತು ನಡು ಕೆಲಸ ಬಿಟ್ಟುಬಿಡುತ್ತವೆ. ಭಾರವೆಲ್ಲ ತುದಿಯ ತೆಳು ಭಾಗಕ್ಕೆ ಬೀಳುತ್ತದೆ. ನಮ್ಮ ಬೋಟಿನಲ್ಲಿ ನಾನು ಆ ಹೊತ್ತಿಗೆ ಹೇಳುವುದು ಎರಡೇ: "ರಾಡ್ ಇಳಿಸಿ, ನೀವು ಹಿಂದಕ್ಕೆ ಹೆಜ್ಜೆ ಇಡಿ." ಹಿಂದೆ ಸರಿದರೆ ಮೀನು ತಾನೇ ಬಲೆಯ ಕಡೆಗೆ ಬರುತ್ತದೆ, ರಾಡ್ ಎತ್ತುವ ಅಗತ್ಯವೇ ಇಲ್ಲ. ಒಂದು ಕೈಯಿಂದ ಕೋಲಿನ ನಡುವನ್ನು ಹಿಡಿದು ಎತ್ತುವುದೂ ಇಂಥದ್ದೇ ಅಪಾಯ. ಹಿಡಿದ ಜಾಗದಿಂದ ಕೆಳಗಿನ ಗಟ್ಟಿ ಭಾಗ ಆಗ ಸುಮ್ಮನೆ ಕೂತಿರುತ್ತದೆ.

ತುದಿಯ ಗೈಡ್ ಮಾತ್ರ ಎಷ್ಟೇ ಜೋಪಾನ ಮಾಡಿದರೂ ಒಂದಲ್ಲ ಒಂದು ದಿನ ಕಳಚುತ್ತದೆ ಅಥವಾ ಸೊಟ್ಟಗಾಗುತ್ತದೆ. ಅದಕ್ಕಾಗಿ ಬೋಟಿನ ಡಬ್ಬಿಯಲ್ಲಿ ನಿಮ್ಮ ರಾಡಿನ ಅಳತೆಯ ಎರಡು ತುದಿ ಗೈಡ್, ಕಾಯಿಸಿದರೆ ಕರಗುವ ಅಂಟಿನ ಕಡ್ಡಿ, ಒಂದು ಲೈಟರ್ ಇಟ್ಟುಕೊಳ್ಳಿ. ಹಳೆಯ ಗೈಡಿನ ಲೋಹದ ಕೊಳವೆಯನ್ನು ಮಾತ್ರ ಹದವಾಗಿ ಕಾಯಿಸಿ ಎಳೆಯಿರಿ. ಕೋಲಿಗೆ ಬೆಂಕಿ ತಾಗಬಾರದು. ಕರಗಿಸಿದ ಅಂಟನ್ನು ಕೋಲಿನ ತುದಿಗೆ ಸವರಿ, ಹೊಸದನ್ನು ತೂರಿಸಿ, ಉಳಿದ ಗೈಡ್‌ಗಳ ಸಾಲಿಗೆ ಕಣ್ಣಳತೆಯಲ್ಲಿ ನೇರ ಮಾಡಿ. ಆರಿದ ಮೇಲೆ ಉಕ್ಕಿದ ಅಂಟನ್ನು ಉಗುರಿನಿಂದ ಕಿತ್ತು ತೆಗೆದರೆ ಆಯಿತು, ರಾಡ್ ಮತ್ತೆ ಹೋಲ್ಡರ್‌ಗೆ.