ಕಾಣದ ಹುಲಿಯನ್ನು ಎಣಿಸೋದು ಹೇಗೆ?

ನಾನು ಕಾಡಿನ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಿರುವವರೆಲ್ಲ ಇದನ್ನು ಕೇಳುತ್ತಾರೆ: "ಹುಲಿ ಕಣ್ಣಿಗೇ ಬೀಳಲ್ಲ, ಬಿದ್ದರೂ ಎಲ್ಲಾ ಒಂದೇ ಥರ. ಮತ್ತೆ ಇಷ್ಟು ಹುಲಿ ಇವೆ ಅಂತ ಹೇಗೆ ಹೇಳ್ತಾರೆ?"

ಉತ್ತರವನ್ನು ನಾನು ಹುಲಿ ವಿಜ್ಞಾನಿ ಉಲ್ಲಾಸ ಕಾರಂತರಿಂದ ಶುರು ಮಾಡುತ್ತೇನೆ. ಶಿವರಾಮ ಕಾರಂತರ ಮಗ. ಸುರತ್ಕಲ್‌ನಲ್ಲಿ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಕೃಷಿಯನ್ನೂ ಮಾಡಿದರು. ಆದರೆ ಕಾಡಿನ ಹುಚ್ಚು ಬಿಡಲಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ವನ್ಯಜೀವಿ ವಿಜ್ಞಾನ ಕಲಿತರು. ಕೆಲಸ ಮಾಡಿದ್ದು ನಮ್ಮ ನಾಗರಹೊಳೆಯಲ್ಲಿ.

ಆಗೆಲ್ಲ ಹುಲಿ ಗಣತಿ ಅಂದರೆ ಹೆಜ್ಜೆಗುರುತು. ಗುರುತಿನ ಮೇಲೆ ಗಾಜು ಇಟ್ಟು ಅದರ ಅಂಚು ಬರೆದುಕೊಂಡು, ಇದು ಆ ಹುಲಿ, ಇದು ಬೇರೆ ಹುಲಿ ಅಂತ ವಿಂಗಡಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಕೆಸರಲ್ಲಿ ಒಂದು ಥರ, ಧೂಳಲ್ಲಿ ಇನ್ನೊಂದು ಥರ ಮೂಡುತ್ತೆ, ಅಲ್ವಾ? ಈ ಪದ್ಧತಿ ಸರಿಯಿಲ್ಲ ಅಂತ ಕಾರಂತರು 1980ರ ದಶಕದಲ್ಲೇ ಬರೆದರು.

ಅವರು ನಂಬಿದ್ದು ಪಟ್ಟೆಗಳನ್ನು. ನಮ್ಮ ಬೆರಳಚ್ಚಿನ ಹಾಗೆ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡ ಮಗ್ಗುಲಿನ ಪಟ್ಟೆಯೇ ಬೇರೆ, ಬಲ ಮಗ್ಗುಲಿನದೇ ಬೇರೆ. ಹಾಗಾಗಿ ಹುಲಿ ಓಡಾಡುವ ದಾರಿಯ ಎರಡೂ ಬದಿಗೆ ಎದುರುಬದುರಾಗಿ, ತಾನಾಗಿಯೇ ಫೋಟೊ ತೆಗೆಯುವ ಕ್ಯಾಮೆರಾ ಕಟ್ಟುತ್ತಾರೆ. ಹುಲಿ ನಡುವೆ ಹಾದರೆ ಎರಡೂ ಕಡೆಯ ಫೋಟೊ ಒಟ್ಟಿಗೇ ಸಿಗುತ್ತೆ.

ಇನ್ನು ಲೆಕ್ಕ. ಮೊದಲ ಸಲ ಕ್ಯಾಮೆರಾಕ್ಕೆ 20 ಹುಲಿ ಸಿಕ್ಕವು ಅನ್ನಿ. ಎರಡನೇ ಸಲವೂ 20, ಅದರಲ್ಲಿ 10 ಮೊದಲೇ ಸಿಕ್ಕಿದ್ದವು. ಮೊದಲಿನ 20ರಲ್ಲಿ ಅರ್ಧ ಮಾತ್ರ ಮತ್ತೆ ಸಿಕ್ಕವು, ಅಂದರೆ ಒಂದು ಸಲಕ್ಕೆ ಸಿಗುತ್ತಿರುವುದು ಕಾಡಿನ ಹುಲಿಗಳಲ್ಲಿ ಅರ್ಧದಷ್ಟು ಮಾತ್ರ. ಹಾಗಾದರೆ ಕಾಡಲ್ಲಿ ಸುಮಾರು 40 ಇರಬೇಕು. ನಿಜವಾದ ಲೆಕ್ಕ ಇದಕ್ಕಿಂತ ಜಾಸ್ತಿ ತೊಡಕಿನದು, ತಿರುಳು ಮಾತ್ರ ಇದೇ. ನಾಗರಹೊಳೆಯ ಹುಲಿಗಳನ್ನು ಹೀಗೆ ಲೆಕ್ಕ ಹಾಕಿ ಕಾರಂತರು 1995ರಲ್ಲಿ ಪ್ರಕಟಿಸಿದರು. ಆಮೇಲೆ ಅಮೆರಿಕದ ವಿಜ್ಞಾನಿ ಜಿಮ್ ನಿಕೋಲ್ಸ್ ಜೊತೆ ಸೇರಿ ಬೇರೆ ಕಾಡುಗಳಲ್ಲೂ ಮಾಡಿದರು. ಕ್ಯಾಮೆರಾಕ್ಕೆ ಸಿಗದ ಹುಲಿಯನ್ನೂ ಮರೆಯದ ಲೆಕ್ಕ ಇದು. ನನಗೆ ತುಂಬಾ ಇಷ್ಟವಾಗುವುದು ಅದೇ.

2005ರಲ್ಲಿ ರಾಜಸ್ಥಾನದ ಸರಿಸ್ಕಾ ಹುಲಿ ಮೀಸಲು ಕಾಡಿನಲ್ಲಿ ಒಂದು ಹುಲಿಯೂ ಉಳಿದಿಲ್ಲ ಅನ್ನುವುದು ಬಯಲಾಯಿತು. ಕಾಗದದ ಮೇಲೆ ಮಾತ್ರ ಇದ್ದವು. ಅದಾದ ಮೇಲೇ ದೇಶ ಹೆಜ್ಜೆಗುರುತಿನ ಗಣತಿಯನ್ನು ಕೈಬಿಟ್ಟಿತು. ಎಷ್ಟು ತಡವಾಯಿತು ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ಬರೀ ಹುಲಿ ಎಣಿಸಿದರೆ ಸಾಲದು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು. ಬೇಟೆ ಪ್ರಾಣಿಗಳು ಕರಗದೆ ಉಳಿಯಬೇಕಾದರೆ ಒಂದೊಂದು ಹುಲಿಗೂ ಅಲ್ಲಿ ಅಂಥ ಪ್ರಾಣಿ 500ರಷ್ಟಾದರೂ ಇರಬೇಕು ಅನ್ನುತ್ತಾರೆ ಕಾರಂತರು. ಅದಕ್ಕೇ ಅವರ ತಂಡದವರು ಬೆಳಗಾಗುತ್ತಲೇ ಕಾಡಿನಲ್ಲಿ ನೇರ ಗೆರೆ ಹಿಡಿದು ನಡೆದು, ಜಿಂಕೆ, ಕಡವೆ, ಕಾಟಿಗಳನ್ನೂ ಎಣಿಸುತ್ತಾ ಬಂದಿದ್ದಾರೆ.