ಮಂಗಳೂರಿನಿಂದ ದುಬೈಗೆ: ಕಾಸರಗೋಡಿನವರು ಲೆಕ್ಕ ಹಾಕಬೇಕಾದ ಗಂಟೆಗಳು

ಮಂಗಳೂರಿನಿಂದ ದುಬೈಗೆ ಆಕಾಶಮಾರ್ಗದ ನೇರ ಅಂತರ ಸುಮಾರು 2,460 ಕಿಲೋಮೀಟರ್. ಅರಬ್ಬೀ ಸಮುದ್ರದ ಮೇಲೆ ವಾಯವ್ಯಕ್ಕೆ ಸಾಗುವ ನೇರ ವಿಮಾನ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ಗಂಟೆಗಳಲ್ಲಿ ತಲುಪುತ್ತದೆ. ಆದರೆ ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಕುಂಬಳೆಯಿಂದ ಹೊರಟ ನಮಗೆ, ದುಬೈಯಲ್ಲಿರುವ ತಮ್ಮನ ಮನೆ ಸೇರುವ ಹೊತ್ತಿಗೆ ಹತ್ತು ಗಂಟೆಗಳಿಗೂ ಹೆಚ್ಚು ಕಳೆದಿತ್ತು. ಹಾರಾಟದ ಅವಧಿಯನ್ನಷ್ಟೇ ನೋಡಿ ಹಿರಿಯರ ಊಟ, ಔಷಧಿ, ವಿಶ್ರಾಂತಿಯನ್ನು ನಿಗದಿಪಡಿಸಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಮೊದಲು ನಿರ್ಧರಿಸಬೇಕಾದದ್ದು ವಿಮಾನ ನಿಲ್ದಾಣ. ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ಮಂಗಳೂರೇ ಅನುಕೂಲ. ನೀಲೇಶ್ವರ, ತೃಕ್ಕರಿಪುರದ ಕಡೆಯವರಿಗೆ 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣ ಹತ್ತಿರ. ಕಣ್ಣೂರಿನಿಂದ ದುಬೈಗೆ ನೂರಮೂವತ್ತು ಕಿಲೋಮೀಟರಿನಷ್ಟು ಹೆಚ್ಚು ದೂರವಿದ್ದರೂ ಹಾರಾಟದಲ್ಲಿ ಅದು ಕೆಲವೇ ನಿಮಿಷಗಳ ವ್ಯತ್ಯಾಸ. ಕಾಸರಗೋಡು ಪೇಟೆಯಿಂದ ಮಂಗಳೂರು ನಿಲ್ದಾಣಕ್ಕೆ ಸುಮಾರು 60 ಕಿಲೋಮೀಟರ್ ಇದೆ. ತಲಪಾಡಿ, ತೊಕ್ಕೊಟ್ಟು, ಪಂಪ್‌ವೆಲ್, ನಂತೂರು ದಾಟಿ ಬೋಂದೆಲ್, ಕಾವೂರು ಮೂಲಕ ಹೋಗುವಾಗ ಸಂಜೆಯ ದಟ್ಟಣೆಯಲ್ಲಿ ಎರಡೂವರೆ ಗಂಟೆ ಇಟ್ಟುಕೊಳ್ಳುವುದು ಕ್ಷೇಮ. ಮಂಗಳೂರಿನದು ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ರನ್‌ವೇ ಆದ್ದರಿಂದ, ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಗೋಚರತೆ ಕುಸಿದರೆ ವಿಮಾನಗಳು ತಡವಾಗುವುದೂ ಬೇರೆ ನಿಲ್ದಾಣಕ್ಕೆ ತಿರುಗುವುದೂ ಉಂಟು. ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮುಂಚಿತವಾಗಿ ಅಲ್ಲಿರಬೇಕು. ಚೆಕ್-ಇನ್ ಕೌಂಟರು ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ.

ಟಿಕೆಟಿನಲ್ಲಿ ಅಚ್ಚಾಗುವ ಸಮಯ ಆಯಾ ಊರಿನದು ಎಂಬುದನ್ನು ಗಮನಿಸಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಬೆಳಿಗ್ಗೆ 8ಕ್ಕೆ ಹೊರಟು 10.10ಕ್ಕೆ ಇಳಿಯುವಂತೆ ಕಂಡರೂ ಹಾರಾಟ 3 ಗಂಟೆ 40 ನಿಮಿಷದ್ದು. ಮರಳುವಾಗ 11ಕ್ಕೆ ಹೊರಟ ವಿಮಾನ ಮಧ್ಯಾಹ್ನ 3.50ಕ್ಕೆ ಇಳಿದರೆ ಹಾರಿದ್ದು 3 ಗಂಟೆ 20 ನಿಮಿಷ. ಪಶ್ಚಿಮದಿಂದ ಬೀಸುವ ಮೇಲ್ಮಟ್ಟದ ಗಾಳಿ, ವಿಶೇಷವಾಗಿ ಚಳಿಗಾಲದಲ್ಲಿ, ಹೋಗುವಾಗ ಎದುರಾಗಿ ಬರುವಾಗ ಬೆನ್ನಿಗಿರುತ್ತದೆ. ಸಕ್ಕರೆ ಕಾಯಿಲೆಯ ತಂದೆಗೆ ಇನ್ಸುಲಿನ್ ಯಾವ ಗಡಿಯಾರದ ಪ್ರಕಾರ ಕೊಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಂಡದ್ದು ನಮಗೆ ಬಹಳ ಉಪಕಾರವಾಯಿತು. ಔಷಧಿ ಮತ್ತು ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ.

ತೋಟದ ಊರಿನವರಾದ ನಾವು ಬರಿಗೈಯಲ್ಲಿ ಹೋಗುವವರಲ್ಲ. ಆದರೆ ಎಣ್ಣೆಯಂಶದಿಂದ ಬೆಂಕಿ ಹಿಡಿಯುವ ಅಪಾಯವಿರುವ ಕಾರಣ ಒಣಕೊಬ್ಬರಿಯನ್ನು ಚೆಕ್-ಇನ್ ಸಾಮಾನಿನಲ್ಲಿ ಒಯ್ಯುವಂತಿಲ್ಲ. ಗಸಗಸೆಯನ್ನಂತೂ ಖಂಡಿತ ಕಟ್ಟಬೇಡಿ. ಯುಎಇಯಲ್ಲಿ ಅದು ನಿಷೇಧಿತ, ಒಂದು ಚಿಟಿಕೆಯೂ ಗಂಭೀರ ಪ್ರಕರಣವಾಗಬಹುದು.

ದುಬೈ ನಿಲ್ದಾಣದಲ್ಲಿ ಮೂರು ಟರ್ಮಿನಲ್‌ಗಳಿವೆ. ಎರಡನೆಯದು ಉಳಿದೆರಡಕ್ಕಿಂತ ರನ್‌ವೇಯ ಆಚೆ ಬದಿಯಲ್ಲಿದ್ದು, ಅಲ್ಲಿಗೆ ಮೆಟ್ರೋ ಇಲ್ಲ. ಕರೆದೊಯ್ಯಲು ಬರುವವರಿಗೆ ಟರ್ಮಿನಲ್ ಸಂಖ್ಯೆಯನ್ನು ಹೊರಡುವ ಮೊದಲೇ ತಿಳಿಸಿ. ಶಾರ್ಜಾದಲ್ಲಿ ಉಳಿಯುವವರು ಸಂಜೆ ಇಳಿಯುವ ವಿಮಾನವನ್ನು ಸಾಧ್ಯವಾದರೆ ಬಿಡುವುದೇ ಒಳ್ಳೆಯದು, ಏಕೆಂದರೆ ಕಚೇರಿ ಬಿಡುವ ಹೊತ್ತಿನಲ್ಲಿ ದುಬೈ–ಶಾರ್ಜಾ ರಸ್ತೆಯಲ್ಲಿ ವಾಹನಗಳು ತೆವಳುತ್ತವೆ.