ಮೈಸೂರಿನ ವೈ ಎಲ್ಲಿ ಹೋಯ್ತು?

ಈ ಸಲದ ಲ್ಯಾಬ್ ಎಕ್ಸಾಮ್ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಒಬ್ಬ ಹುಡುಗಿಗೆ ಸೀಸರ್ ಸೈಫರ್ ಬಂದಿತ್ತು, ಅಂದರೆ ಪ್ರತಿ ಅಕ್ಷರವನ್ನೂ ಕೀಯಷ್ಟು ಮುಂದೆ ಸರಿಸಿ, ಜೆಡ್ ದಾಟಿದರೆ ಮತ್ತೆ ಎಯಿಂದ ಎಣಿಸಿ, ಪದವನ್ನು ಗುಟ್ಟಾಗಿಸುವ ಪ್ರೋಗ್ರಾಂ. ಕೀ 3. ಸಿ ಭಾಷೆಯ ಕೋಡ್ ನೀಟಾಗಿ ಬರೆದಿದ್ದಳು. ಎಕ್ಸ್‌ಟರ್ನಲ್, ಅಂದರೆ ಹೊರಗಿನ ಪರೀಕ್ಷಕರು, ಬಂದು "ಮೈಸೂರು ಅಂತ ಕೊಡಮ್ಮಾ" ಎಂದರು. ಎಂ, ವೈ, ಎಸ್, ಯು, ಆರ್, ಯು ಒತ್ತಿದಳು. ಎನ್‌ಕ್ರಿಪ್ಟ್ ಸರಿಯಾಗಿಯೇ ಆಯಿತು. ಡಿಕ್ರಿಪ್ಟ್ ಮಾಡಿ ಮೂಲ ಪದಕ್ಕೆ ತಂದರೆ ವೈ ಇರಬೇಕಾದ ಜಾಗದಲ್ಲಿ ಒಂದು ಅಂಡರ್‌ಸ್ಕೋರ್. ಉಳಿದ ಐದು ಅಕ್ಷರ ಸರಿ.

"ಟೈಪ್ ಮಾಡುವಾಗ ನೋಡಬಾರದಾ?" ಎಂದೆ, ಸ್ವಲ್ಪ ಜೋರಾಗಿಯೇ. "ಇಲ್ಲ ಸರ್, ವೈನೇ ಒತ್ತಿದ್ದು" ಎಂದಳು. ಮತ್ತೆ ರನ್ ಮಾಡಿದಳು, ಮತ್ತೆ ಅದೇ. ಎಕ್ಸ್‌ಟರ್ನಲ್ ಮಾರ್ಕ್ಸ್ ಶೀಟ್ ಹಿಡಿದು ನಿಂತೇ ಇದ್ದರು. ನಾನು ಬಗ್ಗಿ ಅವಳ ತಪ್ಪು ಹುಡುಕುತ್ತಾ ಒಂದೊಂದೇ ಸಾಲು ಓದಿದೆ. ಕೀ ಕಳೆಯುವ ಸಾಲಿಗೆ ಬಂದಾಗ ಎದೆ ಧಸಕ್ಕೆಂದಿತು. ಅದು ನನ್ನದೇ ಸಾಲು, ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ನಾನೇ ಬರೆದಿದ್ದು.

ಹೋದ ವರ್ಷ ಈ ಲ್ಯಾಬ್ ಪೈಥಾನ್‌ನಲ್ಲಿತ್ತು. ಸೆಮ್ ಶುರುವಾಗಲು ನಾಲ್ಕು ದಿನ ಇರುವಾಗ ಸಿಗೆ ಬದಲಾಯಿಸಿ ಎಂದರು, ಅದರ ಜೊತೆ ಫೈಲ್ ಕೆಲಸ ಬೇರೆ. ಸಿಂಟ್ಯಾಕ್ಸ್ ಮಾತ್ರ ಬದಲಿಸಿ ಕೊಟ್ಟುಬಿಟ್ಟೆ. ವೈ ಎನ್‌ಕ್ರಿಪ್ಟ್ ಆಗಿ ಬಿ ಆಗುತ್ತದೆ, ಎಯನ್ನು 0 ಎಂದು ಎಣಿಸಿದರೆ ಅದು 1. ಅದರಲ್ಲಿ 3 ಕಳೆದರೆ ಮೈನಸ್ 2. ಅದನ್ನು 26ರಿಂದ ಮಾಡ್ಯುಲೋ ಮಾಡಿದರೆ, ಅಂದರೆ ಭಾಗಿಸಿ ಶೇಷ ತೆಗೆದರೆ, ಪೈಥಾನ್ 24 ಕೊಡುತ್ತದೆ, ಅದು ವೈ; ಸಿ ಭಾಷೆ ಮೈನಸ್ 2 ಅನ್ನೇ ಇಟ್ಟುಕೊಳ್ಳುತ್ತದೆ. ಅಕ್ಷರಗಳಿಗೆ ಕಂಪ್ಯೂಟರ್ ಕೊಡುವ ನಂಬರ್‌ಗಳ ಪಟ್ಟಿಯಾದ ಆಸ್ಕಿಯಲ್ಲಿ ಸಣ್ಣ ಎ 97. ಅದರಿಂದ 2 ಹೋದರೆ 95, ಅಂದರೆ ಅಂಡರ್‌ಸ್ಕೋರ್. ಮಾಡ್ಯುಲೋಗೆ ಮೊದಲು ಒಂದು 26 ಕೂಡಿಸಿದ್ದರೆ ಸಾಕಿತ್ತು.

ಸೆಮ್ ಪೂರ್ತಿ ಯಾಕೆ ಗೊತ್ತಾಗಲಿಲ್ಲ ಅಂದರೆ, ನಾನು ಕೊಡುತ್ತಿದ್ದ ಪದಗಳು ನಮಸ್ಕಾರ, ಕನ್ನಡ, ಬೆಂಗಳೂರು. ಇವುಗಳ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಎಕ್ಸ್, ವೈ, ಜೆಡ್ ಎಲ್ಲೂ ಇಲ್ಲ. ಕೀ 3 ಇದ್ದಾಗ ಒಡೆಯುವುದು ಆ ಮೂರೇ ಅಕ್ಷರ. ಅರವತ್ತು ರೆಕಾರ್ಡ್‌ಗೆ ಸೈನ್ ಹಾಕಿದ್ದೇನೆ, ಎಲ್ಲದರಲ್ಲೂ ಇದೇ ಸಾಲು. ಒಂದೊಂದು ಅಕ್ಷರಕ್ಕೆ ಬೇರೆ ಬೇರೆ ಕೀ ಬಳಸುವ ವಿಜನೇರ್ ಸೈಫರ್ ಪ್ರೋಗ್ರಾಂನಲ್ಲೂ ಇದೇ ಸಾಲು, ಅಲ್ಲಿ ಇನ್ನೂ ಜಾಸ್ತಿ ಅಕ್ಷರ ಕೆಡುತ್ತವೆ. ಈಗ ಮ್ಯಾನ್ಯುಯಲ್ ತಿದ್ದಿದ್ದೇನೆ. ಮೊದಲ ಇನ್‌ಪುಟ್ಟೇ ಎಯಿಂದ ಜೆಡ್‌ವರೆಗೆ, ಕೀ 0ಯಿಂದ 25ರವರೆಗೆ ಎಲ್ಲವೂ.

ತಪ್ಪು ನನ್ನದು ಎಂದು ಎಕ್ಸ್‌ಟರ್ನಲ್‌ಗೆ ಅಲ್ಲೇ ಹೇಳಿದೆ. ಪ್ರೋಗ್ರಾಂಗೆ ಅವರು ಮಾರ್ಕ್ಸ್ ಕಡಿಮೆ ಮಾಡಲಿಲ್ಲ. ಆದರೆ ಅಷ್ಟರಲ್ಲಿ ಅವಳು ಪೂರ್ತಿ ಹೆದರಿದ್ದಳು. ಸೆಮ್ ಪೂರ್ತಿ ಪಕ್ಕದ ಸಿಸ್ಟಮ್‌ನವರಿಗೆ ತಾನೇ ಹೇಳಿಕೊಡುತ್ತಿದ್ದ ಹುಡುಗಿ, ವೈವಾದಲ್ಲಿ "ಸೀಸರ್ ಸೈಫರ್‌ಗೆ ಎಷ್ಟು ಕೀ ಇರುತ್ತವೆ?" ಎಂದು ಕೇಳಿದರೆ ಸುಮ್ನೆ ನನ್ನ ಮುಖ ನೋಡಿದಳು.